ಪಾತ್ರಕ್ಕೆ ಹೆಸರಿಟ್ಟವರು ಯಾರು?

ಸಂಪಾದಕರ ಉತ್ತರ

ಶಿರಸಿ ಸೀಮೆಯ ಓದುಗರೊಬ್ಬರ ಪತ್ರ: "ಹಾಸ್ಯ ಕತೆಯೊಂದನ್ನು ಬರೆದು ನಾಲ್ಕಾರು ಮಂದಿಗೆ ಓದಲು ಕೊಟ್ಟೆ. ಪಾತ್ರಗಳ ಹೆಸರು ಡಬ್ಬಾಚಾರ್ಯ, ಭೋಜನಪ್ರಿಯ ಹೆಗಡೆ, ಪೆಕರ ನಾಯ್ಕ, ಟಿಂಗ್‌ಟಾಂಗ್ ಮಾಸ್ತರ. ಮೊದಲ ಪುಟದಲ್ಲಿ ಎಲ್ಲರೂ ನಕ್ಕರು, ಮೂರನೇ ಪುಟದ ಹೊತ್ತಿಗೆ ಸುಮ್ಮನಾದರು. ವಿಚಿತ್ರ ಹೆಸರಿಡುವುದೇ ತಪ್ಪೇ? ಇಡುವುದಾದರೆ ಹೇಗೆ? ಊರಿನವರು ತಮ್ಮನ್ನೇ ಬರೆದಿದ್ದಾರೆ ಎಂದು ಸಿಟ್ಟಾದರೆ?"

ಹೆಸರು ವಿಚಿತ್ರವಾಗಿರುವುದು ತಪ್ಪಲ್ಲ. ಆದರೆ ನಿಮ್ಮ ನಾಲ್ಕೂ ಹೆಸರುಗಳನ್ನು ಇಟ್ಟವರು ನೀವು. ಕತೆಯೊಳಗಿನ ಯಾರೂ ಅಲ್ಲ. ನಗು ಬತ್ತಿದ್ದು ಅದಕ್ಕೇ. ಊರಿನಲ್ಲಿ ಅಡ್ಡಹೆಸರು ಯಾರೋ ಒಬ್ಬರ ಬಾಯಿಂದ, ಯಾವುದೋ ಒಂದು ಕಾರಣಕ್ಕೆ ಹೊರಡುತ್ತದೆ. ಉಳಿದವರ ಬಾಯಲ್ಲಿ ತಿರುಗಿ ತಿರುಗಿ ಗಟ್ಟಿಯಾಗುತ್ತದೆ. ಭೋಜನಪ್ರಿಯ ಎಂದು ತೊಟ್ಟಿಲಲ್ಲಿ ಯಾರೂ ಹೆಸರಿಡುವುದಿಲ್ಲ, ಹಿಂದಿನಿಂದ ಆಡಿಕೊಳ್ಳುವವರೂ ಹಾಗೆ ಅನ್ನುವುದಿಲ್ಲ. ಅದು ಬರೆದವರು ಪಾತ್ರದ ಹಣೆಗೆ ಅಂಟಿಸಿದ ಚೀಟಿ. ಚೀಟಿ ಓದಿಯಾದ ಮೇಲೆ ಆತ ಹತ್ತು ಹೋಳಿಗೆ ತಿಂದರೂ ಓದುಗರಿಗೆ ಹೊಸತೇನೂ ಸಿಗುವುದಿಲ್ಲ.

ಒಂದು ಪರೀಕ್ಷೆ ಮಾಡಿ ನೋಡಿ. ಡಬ್ಬಾಚಾರ್ಯ ಎಂದಿರುವಲ್ಲೆಲ್ಲ ರಾಮಾಚಾರ್ಯ ಎಂದು ಬರೆದು ಕತೆಯನ್ನು ಮತ್ತೆ ಓದಿ. ನಗು ಪೂರ್ತಿ ಹೋಯಿತೆಂದರೆ ಅಲ್ಲಿ ಇದ್ದದ್ದು ಹೆಸರು ಮಾತ್ರ, ಮನುಷ್ಯನಲ್ಲ. ಮೊದಲು ರಾಮಾಚಾರ್ಯನೇ ನಗಿಸುವಂತೆ ಬರೆಯಿರಿ, ಹೆಸರಿನ ಯೋಚನೆ ಆಮೇಲೆ.

ಒಂದು ಹೆಸರನ್ನು ಬುಡದಿಂದ ಕಟ್ಟೋಣ. ಅಡಿಕೆ ಬೆಳೆಯುವ ಹೆಗಡೆಯವರೊಬ್ಬರು ಯಾವ ಲೆಕ್ಕವನ್ನೂ ನೆಟ್ಟಗೆ ಹೇಳುವವರಲ್ಲ. ಒಣಗಿಸಿ ಸುಲಿದ ಚಾಲಿ ಅಡಿಕೆ ಎಷ್ಟಾಗಬಹುದು ಎಂದರೆ "ಅಜಮಾಸು ಆರು ಕ್ವಿಂಟಲ್." ಮಗಳ ಮದುವೆಗೆ ಎಷ್ಟು ಜನ? "ಅಜಮಾಸು ಮುನ್ನೂರು." ಬ್ಯಾಂಕಿನಲ್ಲಿ ವಯಸ್ಸು ಕೇಳಿದರೂ "ಅಜಮಾಸು ಐವತ್ತೆಂಟು." ತೂಕದ ಹತ್ತಿರ ನಿಂತ ಹುಡುಗನೊಬ್ಬ ಒಂದು ದಿನ "ಅಜಮಾಸು ಬಂದ್ರು" ಅನ್ನುತ್ತಾನೆ. ಅಲ್ಲಿಗೆ ಹೆಸರು ಹುಟ್ಟಿತು. ಇಟ್ಟವನು ಯಾರು, ಎಲ್ಲಿ, ಯಾಕೆ ಎಂಬ ಮೂರೂ ಕತೆಯೊಳಗೇ ಇವೆ. ಅಜಮಾಸು ಎಂಬ ಮಾತನ್ನು ಅವರ ಬಾಯಲ್ಲಿ ಕನಿಷ್ಠ ಎರಡು ಸಲ ಕೇಳಿಸಿದ ಮೇಲೆಯೇ ಹುಡುಗ ಹೀಗನ್ನಬೇಕು. ಮೊದಲ ವಾಕ್ಯದಲ್ಲೇ ಹೆಸರು ಕೊಟ್ಟು ಕಾರಣವನ್ನು ಆಮೇಲೆ ವಿವರಿಸಹೊರಟರೆ ನಗು ತಡವಾಗಿ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ.

ಇನ್ನು ಈ ಒಬ್ಬರನ್ನೇ ಯಾರು ಯಾರು ಏನೆಂದು ಕರೆಯುತ್ತಾರೆ ನೋಡಿ. ತಾಯಿಗೆ ನಾಣಿ. ಹೆಂಡತಿ ಹೆಸರೆತ್ತುವುದಿಲ್ಲ, "ನಮ್ಮನೆಯವರು" ಅಷ್ಟೆ. ಕೇರಿಯ ಕಿರಿಯರಿಗೆ ನಾರಾಯಣಣ್ಣ, ಎದುರಿಗೆ ಸಿಕ್ಕ ವ್ಯಾಪಾರಿಗೆ ಹೆಗಡೇರು, ಪಾಸ್‌ಬುಕ್ಕಿನಲ್ಲಿ ನಾರಾಯಣ ಸುಬ್ರಾಯ ಹೆಗಡೆ. ಅಜಮಾಸು ಎಂಬುದು ಬೆನ್ನ ಹಿಂದಿನ ಹೆಸರು. ಅದು ಮೊದಲ ಸಲ ಅವರ ಎದುರಿಗೇ ಬಿದ್ದಾಗ ಕತೆಗೆ ಜೀವ ಬರುತ್ತದೆ. ನಿಜ ಹೆಸರು ಗೊತ್ತಿಲ್ಲದ, ಪಕ್ಕದ ಮನೆಯ ಹೊಸ ಅಳಿಯ ಪಂಕ್ತಿಯ ನಡುವೆ, ಪೂರ್ತಿ ಮರ್ಯಾದೆಯಿಂದ, "ಅಜಮಾಸು ಹೆಗಡೇರೆ, ಇನ್ನೊಂದು ಸೌಟು ಪಾಯಸ" ಎಂದು ಬಡಿಸಲು ಬಗ್ಗಿದರೆ ಸಾಕು. ನೀವು ನಾಲ್ಕು ಹೆಸರುಗಳಿಂದ ಮಾಡಹೊರಟ ಕೆಲಸವನ್ನು ಈ ಒಂದೇ ಹೆಸರು ಮಾಡುತ್ತದೆ. ಎಂಟು ಪುಟದ ಕತೆಗೆ ಇಂಥದ್ದು ಒಂದಿರಲಿ. ಎರಡಾದರೆ ಹೆಚ್ಚಾಯಿತು. ಸುತ್ತಲಿನ ಗಣಪತಿ, ಸುಬ್ರಾಯ, ಮಾಬ್ಲೇಶ್ವರರ ನಡುವೆಯೇ ಅದು ಎದ್ದು ಕಾಣಬೇಕು.

ಸಾದಾ ಹೆಸರೂ ನಗಿಸುತ್ತದೆ. ವಿಘ್ನೇಶ್ವರ ನಿಮ್ಮ ಸೀಮೆಯಲ್ಲಿ ಮನೆಮನೆಯ ಹೆಸರು. ಅವನು ಕಾಲಿಟ್ಟ ಕಡೆಯಲ್ಲೆಲ್ಲ ಕೆಲಸ ನಿಂತುಹೋಗುತ್ತದೆ ಎಂದು ಬರೆದರೆ ಹೊಸ ಹೆಸರು ಹುಡುಕುವ ಕಷ್ಟವೇ ಇಲ್ಲ. ಆದರೆ ಹೆಸರಿಗೂ ನಡತೆಗೂ ಇರುವ ಈ ನಂಟನ್ನು ಓದುಗರೇ ಕಂಡುಕೊಳ್ಳಲಿ. "ಹೆಸರಿಗೆ ತಕ್ಕಂತೆ" ಎಂದು ನೀವು ಬರೆದ ಕೂಡಲೆ ಅದು ಸತ್ತಿತು.

ನಮ್ಮ ಹಳೆಯ ನಾಟಕಕಾರರು ಇದನ್ನು ಚೆನ್ನಾಗಿ ಬಲ್ಲವರು. ವಿದೂಷಕನಿಗೆ ಹೂವಿನದೋ ವಸಂತದ್ದೋ ಹೆಸರಿರಲಿ, ನಗು ಅವನ ಕೆಲಸ, ಮೈಕಟ್ಟು, ವೇಷ, ಮಾತುಗಳಿಂದ ಬರಲಿ ಎನ್ನುತ್ತದೆ ವಿಶ್ವನಾಥನ ಸಂಸ್ಕೃತ ಕಾವ್ಯಶಾಸ್ತ್ರ ಗ್ರಂಥ ಸಾಹಿತ್ಯದರ್ಪಣ. ಶೂದ್ರಕನ ಸಂಸ್ಕೃತ ನಾಟಕ ಮೃಚ್ಛಕಟಿಕದ ವಿದೂಷಕ ಮೈತ್ರೇಯ. ಹೆಸರಿನಲ್ಲಿ ನಗುವಂಥದ್ದು ಏನೂ ಇಲ್ಲ. ಅದೇ ನಾಟಕದ ರಾಜನ ಮೈದುನನ ನಿಜ ಹೆಸರು ಸಂಸ್ಥಾನಕ. ಸಕಾರವನ್ನೆಲ್ಲ ಶಕಾರ ಮಾಡಿ ಆಡುವ ಅವನು ಶಕಾರನೆಂದೇ ಪ್ರಸಿದ್ಧ. ಪುರಾಣ ಬಲ್ಲವನೆಂದು ತೋರಿಸಿಕೊಳ್ಳಲು ಹೋಗಿ, ರಾವಣನ ಕೈಗೆ ಸಿಕ್ಕ ಕುಂತಿಯಂತೆ ನೀನು ನನ್ನ ಕೈಗೆ ಸಿಕ್ಕೆ ಎಂದು ನಾಯಕಿ ವಸಂತಸೇನೆಗೆ ಹೇಳುತ್ತಾನೆ. ಮಾತು ನಗಿಸುತ್ತದೆ, ಹೆಸರು ಆ ಮಾತಿಗೆ ಗುರುತಾಗಿ ನಿಲ್ಲುತ್ತದೆ.

ಉತ್ತರ ಕನ್ನಡದ ಕತೆಯಾದ್ದರಿಂದ ಇನ್ನೊಂದು ಎಚ್ಚರ ಬೇಕು. 1862ರಿಂದ 1956ರವರೆಗೆ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತು. ಅಲ್ಲಿಯ ಪದ್ಧತಿಯಂತೆ ಇಲ್ಲಿ ತನ್ನ ಹೆಸರು, ತಂದೆಯ ಹೆಸರು, ಕೊನೆಗೆ ಮನೆತನದ ಹೆಸರು ಬರುತ್ತದೆ. ಹಳೇ ಮೈಸೂರಿನ ಕಡೆಯವರಂತೆ ಊರಿನ ಅಕ್ಷರವನ್ನು ಮುಂದಿಟ್ಟು ಬರೆದರೆ ಪಾತ್ರ ಬೇರೆ ಊರಿನದಾಗುತ್ತದೆ. ನಿಮ್ಮ ಕಡೆ ಹೆಗಡೆ. ಹೆಗ್ಡೆ ಎಂದರೆ ದಕ್ಷಿಣದ ಕರಾವಳಿ. ಅಂಕೋಲೆಯ ಸುತ್ತ ನಾಯಕ ಮತ್ತು ನಾಯ್ಕ ಬೇರೆ ಬೇರೆ ಸಮುದಾಯದವರು, ಒಂದು ಒತ್ತಿನಲ್ಲಿ ಜಾತಿಯೇ ಬದಲಾಗುತ್ತದೆ. ಆದ್ದರಿಂದಲೇ ಪೆಕರ ನಾಯ್ಕ ಬೇಡ. ಬೈಗುಳದ ಪಕ್ಕ ಸಮುದಾಯದ ಹೆಸರು ಕೂತರೆ ಓದುಗರಿಗೆ ಕಾಣುವುದು ಒಬ್ಬ ದಡ್ಡನಲ್ಲ, ಒಂದು ಸಮುದಾಯ. ಸುಕ್ರಿ, ಸೋಮಿ ಎಂಬ ಹಾಲಕ್ಕಿ ಒಕ್ಕಲಿಗ ಸಮುದಾಯದ ಹೆಸರುಗಳನ್ನೂ ಇನಾಸ, ಪೆದ್ರು, ಬಸ್ತ್ಯಾಂವ ಎಂಬ ಕ್ರೈಸ್ತರ ಹೆಸರುಗಳನ್ನೂ ಕಿವಿಗೆ ಹೊಸತೆಂಬ ಕಾರಣಕ್ಕೆ ಹಾಸ್ಯಕ್ಕೆ ಎಳೆಯಬೇಡಿ. ಆ ಮನೆಗಳಲ್ಲಿ ಅವು ಅಜ್ಜ ಅಜ್ಜಿಯರ ಹೆಸರು.

ವಿಭಕ್ತಿ ಹಚ್ಚಿದಾಗ ಹೆಸರು ಏನಾಗುತ್ತದೆ ಎಂಬುದನ್ನು ಹೊಸಬರು ಸಾಮಾನ್ಯವಾಗಿ ನೋಡುವುದೇ ಇಲ್ಲ. ಟಿಂಗ್‌ಟಾಂಗ್ ಮಾಸ್ತರರಿಗೆ ಎಂದರೆ ತೊಂದರೆಯಿಲ್ಲ, ಪ್ರತ್ಯಯವನ್ನು ಮಾಸ್ತರ ಹೊತ್ತುಕೊಳ್ಳುತ್ತಾನೆ. ಬರೀ ಟಿಂಗ್‌ಟಾಂಗ್ ಉಳಿದಾಗ ಟಿಂಗ್‌ಟಾಂಗಿಗೋ, ಟಿಂಗ್‌ಟಾಂಗನಿಗೋ? ನಿಮ್ಮ ಪ್ರತಿಯಲ್ಲಿ ಎರಡೂ ಬರೆದಿದ್ದೀರೇನೋ ನೋಡಿಕೊಳ್ಳಿ. ಸ್ವರದಲ್ಲಿ ಮುಗಿಯುವ ಹೆಸರು ನಾಲಿಗೆಗೆ ಹಗುರ. ಅದಕ್ಕೂ ಒಂದು ತೀರ್ಮಾನ ಬೇಕು: ಅಜಮಾಸಿಗೆ ಎಂದರೆ ಲೆಕ್ಕದ ಮಾತಾಗುತ್ತದೆ, ಅಜಮಾಸುವಿಗೆ ಎಂದರೆ ಮನುಷ್ಯ. ಎರಡನೆಯದನ್ನೇ ಕೊನೆತನಕ ಇಟ್ಟುಕೊಳ್ಳಿ. ನಿರೂಪಕ "ಅಜಮಾಸು ಬಂದ" ಅನ್ನುತ್ತಾನೋ "ಬಂದರು" ಅನ್ನುತ್ತಾನೋ ಎಂಬುದನ್ನೂ ಮೊದಲೇ ಗೊತ್ತು ಮಾಡಿ. "ಬಂದರು" ಎಂದರೆ ನಗುವಿನ ಜೊತೆ ಪ್ರೀತಿಯೂ ಇರುತ್ತದೆ. ನಮ್ಮ ಆಯ್ಕೆ ಅದು. ಕೊನೆಗೆ, ತೋಟದ ಆಚೆ ತುದಿಯಲ್ಲಿರುವವರನ್ನು ಕೂಗುವಂತೆ ಹೆಸರನ್ನು ಗಟ್ಟಿಯಾಗಿ ಕೂಗಿ ನೋಡಿ. ಕೊನೆಯ ಸ್ವರ ಎಳೆಯಲು ಬಾರದ ಹೆಸರು ಸಂಭಾಷಣೆಯಲ್ಲಿ ತೊಡರುತ್ತದೆ.

ಊರಿನವರ ಸಿಟ್ಟಿನ ಬಗ್ಗೆ: ಜನ ತಮ್ಮನ್ನು ಗುರುತಿಸಿಕೊಳ್ಳುವುದು ಹೆಸರೊಂದರಿಂದಲ್ಲ. ಅಡ್ಡಹೆಸರು, ಊರು, ಕಸುಬು, ಮೈಗುರುತು, ಗೊತ್ತಿರುವ ಒಂದು ಘಟನೆ, ಇವು ಒಟ್ಟು ಸೇರಿದಾಗ. ಹೆಸರು ಬದಲಿಸಿ ಉಳಿದದ್ದೆಲ್ಲ ಹಾಗೇ ಬಿಟ್ಟರೆ ಗುರುತು ಉಳಿದೇ ಉಳಿಯುತ್ತದೆ. ಕಸುಬು ಮತ್ತು ಘಟನೆ ಎರಡನ್ನೂ ಬದಲಿಸಿ. ಊರಿನಲ್ಲಿ ಈಗಾಗಲೇ ಯಾರಿಗಾದರೂ ಇರುವ ಅಡ್ಡಹೆಸರನ್ನು, ಎಷ್ಟೇ ಚೆನ್ನಾಗಿದ್ದರೂ, ಎತ್ತಿಕೊಳ್ಳಬೇಡಿ. "ಪಾತ್ರಗಳೆಲ್ಲ ಕಾಲ್ಪನಿಕ" ಎಂಬ ಒಂದು ಸಾಲು ಬರೆದವರನ್ನು ಪೂರ್ತಿ ಕಾಯುವುದಿಲ್ಲ. ಮಾನನಷ್ಟದ ಪ್ರಶ್ನೆ ಬಂದರೆ, ಓದಿದವರು ಯಾರನ್ನು ಗುರುತಿಸಿದರು ಎಂಬುದೇ ಮುಖ್ಯವಾಗುತ್ತದೆ.

ಕತೆ ತಿದ್ದಿ ಮತ್ತೆ ಕಳಿಸಿ. ಜೊತೆಗೆ ಬೇರೆ ಹಾಳೆಯಲ್ಲಿ ಪ್ರತಿ ಪಾತ್ರದ ಪೂರ್ತಿ ಹೆಸರು, ಮನೆಯಲ್ಲಿ ಕರೆಯುವ ಹೆಸರು, ಅಡ್ಡಹೆಸರು, ಪ್ರತ್ಯಯ ಸೇರಿದ ರೂಪ, ಏಕವಚನವೋ ಬಹುವಚನವೋ ಎಂಬುದನ್ನು ಬರೆದಿಡಿ. ಅದಿಲ್ಲದಿದ್ದರೆ ಕರಡು ತಿದ್ದುವವರು ಹೆಗಡೆಯನ್ನು ಹೆಗ್ಡೆ ಮಾಡುತ್ತಾರೆ, ಮಾಬ್ಲೇಶ್ವರನನ್ನು ಮಹಾಬಲೇಶ್ವರ ಮಾಡುತ್ತಾರೆ. ಅದು ಅಚ್ಚಿಗೆ ಹೋದ ಮೇಲೆ ಸರಿಮಾಡಲು ಬರುವುದಿಲ್ಲ.