ಅಪ್ಪಯ್ಯನಿಗೆ ಕೋವಿಯ ಮಾತು ಹೇಳುವುದು ಹೇಗೆ?

ಪ್ರಶ್ನೆ: ನಾನು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಬೆಳೆದವಳು, ವಯಸ್ಸು 33. ಅಪ್ಪಯ್ಯ ಕೊಪ್ಪದ ಕಡೆಯವರು, ಅವರಿಗೀಗ 70. ನನ್ನ ಕಾಲೇಜು ದಿನಗಳಿಂದಲೂ ಪ್ರತಿ ಚಳಿಗಾಲ ನಾವಿಬ್ಬರೂ ಪರವಾನಗಿ ಪಡೆದು ಚಕಮಕಿ ಕೋವಿ ಹಿಡಿದು ಜಿಂಕೆ ಬೇಟೆಗೆ ಹೋಗುತ್ತೇವೆ. ಕಳೆದ ಜನವರಿಯಲ್ಲಿ ಅವರ ಕೋವಿ ಕಿಡಿ ಕಾರಿತಾದರೂ ಗುಂಡು ಹಾರಲಿಲ್ಲ. ಅದನ್ನು ಆ ಕ್ಷಣವೇ ಕೆಳಗಿಳಿಸಿ ಪರೀಕ್ಷಿಸತೊಡಗಿದರು. ಅದರ ಬಾಯಿ ನನ್ನ ಕಡೆಗಿತ್ತು. ಅದೇ ಸಂಜೆ ಈಡು (ಮದ್ದು ಮತ್ತು ಗುಂಡು) ತುಂಬಿದ್ದ ಕೋವಿಗೆ ಮತ್ತೊಮ್ಮೆ ಮದ್ದು ಸುರಿಯಲು ಹೊರಟಾಗ ನಾನು ತಡೆದು, ನಗುತ್ತ ಮಾತು ಮರೆಸಿದೆ. ಈ ಸಲ ಕೆಲಸದ ನೆಪ ಹೇಳಿ ತಪ್ಪಿಸಿಕೋ ಎನ್ನುತ್ತಾನೆ ಅಣ್ಣ. ಅಮ್ಮನಿಗೆ ಏನೂ ತಿಳಿಸಿಲ್ಲ. ಏನು ಮಾಡಲಿ?

ಉತ್ತರ: ಅಣ್ಣನ ಸಲಹೆಯನ್ನು ಮೊದಲು ಬದಿಗಿಡಿ. ನೀವು ನೆಪ ಹೇಳಿದರೆ ಅಪ್ಪಯ್ಯ ಮನೆಯಲ್ಲಿ ಉಳಿಯುತ್ತಾರೆಂದು ನಿಮ್ಮಿಬ್ಬರಲ್ಲಿ ಯಾರೂ ಖಚಿತವಾಗಿ ಹೇಳಲಾರಿರಿ. ಇಷ್ಟು ವರ್ಷಗಳ ರೂಢಿಯನ್ನು ಬಿಡಲಾರದೆ ಅವರು ಒಬ್ಬರೇ ಹೊರಟರೆ, ಎರಡನೆಯ ಸಲ ಮದ್ದು ಸುರಿಯುವಾಗ ಕೈ ಹಿಡಿದು ತಡೆಯುವವರು ಆ ಹಿಮದ ಕಾಡಿನಲ್ಲಿ ಇರುವುದಿಲ್ಲ. ನಿಮ್ಮ ಮೌನ ಈವರೆಗೆ ಅವರ ಮನಸ್ಸನ್ನು ಕಾಪಾಡಿದೆ, ಒಪ್ಪುತ್ತೇನೆ. ಆದರೆ ಅವರ ಜೀವವನ್ನು ಅದು ಕಾಪಾಡದು.

ನಡೆದ ಎರಡೂ ಘಟನೆಗಳು ಸಣ್ಣವಲ್ಲ. ಚಕಮಕಿ ಕೋವಿಯಲ್ಲಿ ಕಲ್ಲಿನ ಕಿಡಿ ಮೊದಲು ಪಕ್ಕದ ಪುಟ್ಟ ಬಟ್ಟಲಿನ ಮದ್ದಿಗೆ ತಗುಲಿ, ಆ ಬೆಂಕಿ ಸಣ್ಣ ತೂತಿನ ಮೂಲಕ ನಳಿಗೆಯ ಒಳಗಿನ ಮದ್ದನ್ನು ಮುಟ್ಟಬೇಕು. ತೂತು ಕಟ್ಟಿಕೊಂಡಿದ್ದರೆ ಅಥವಾ ಕರಿಮದ್ದು ತೇವ ಹೀರಿದ್ದರೆ ಹೊರಗೆ ಹೊಗೆ ಕಾಣಿಸಿ ಒಳಗಿನ ಈಡು ತಡವಾಗಿ ಸಿಡಿಯಬಹುದು. ಆದ್ದರಿಂದಲೇ, ಗುಂಡು ಹಾರದಿದ್ದಾಗ ಕನಿಷ್ಠ ಒಂದು ನಿಮಿಷ ಕೋವಿಯ ಬಾಯಿಯನ್ನು ಯಾರೂ ಇಲ್ಲದ ದಿಕ್ಕಿಗೇ ಹಿಡಿದು ನಿಲ್ಲಬೇಕೆಂಬ ನಿಯಮವಿದೆ. ಇನ್ನು ಒಂದರ ಮೇಲೊಂದು ಈಡು ಜಡಿದರೆ ನಳಿಗೆಯೇ ಸೀಳಿಹೋಗಬಹುದು. ಇವನ್ನೆಲ್ಲ ನಿಮಗೆ ಕಲಿಸಿದವರು ಬಹುಶಃ ಅವರೇ ಇರಬೇಕು. ಹೇಳಲು ನಿಮಗೆ ಬಾಯಿ ಬಾರದಿರುವುದೂ ಅದಕ್ಕಾಗಿಯೇ ಎಂದು ತೋರುತ್ತದೆ.

ಅವರ ಹಿನ್ನೆಲೆಯನ್ನೂ ನೆನೆಯಿರಿ. ಕೊಪ್ಪದ ಕಡೆಯ ಅವರ ಪ್ರಾಯದವರು ಬಾಲ್ಯದಲ್ಲಿ ಕೇಪಿನ ಕೋವಿಯನ್ನು, ಅಂದರೆ ಕಲ್ಲಿನ ಕಿಡಿಯ ಬದಲು ಪುಟ್ಟ ಸಿಡಿಕೇಪಿನಿಂದ ಹಾರುವ ಕೋವಿಯನ್ನು, ಕಂಡು ಬೆಳೆದವರು. ಗದ್ದೆ ತೋಟಗಳಿಗೆ ನುಗ್ಗುವ ಹಂದಿಯನ್ನು ಓಡಿಸಲು ಅದು ಎಷ್ಟೋ ಮನೆಗಳಲ್ಲಿ ಇರುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಊರಿನಲ್ಲಿ ಜಿಂಕೆ ಬೇಟೆ ಅಪರಾಧವಾಯಿತು, ಅದು ಸರಿಯೂ ಹೌದು. ಪೆನ್ಸಿಲ್ವೇನಿಯಾದಲ್ಲಾದರೋ 1974ರಿಂದ ಚಕಮಕಿ ಕೋವಿಗೆಂದೇ ಬೇಟೆಯ ಋತುವೊಂದಿದ್ದು, ಕ್ರಿಸ್‌ಮಸ್ ಕಳೆದೊಡನೆ ಬಿಳಿಬಾಲದ ಜಿಂಕೆಗಾಗಿ ಸಾವಿರಾರು ಮಂದಿ ಕಾನೂನುಬದ್ಧವಾಗಿಯೇ ಕಾಡಿಗಿಳಿಯುತ್ತಾರೆ. (ಬೇಟೆಯೇ ತಪ್ಪೆನ್ನುವ ಓದುಗರು ನನಗೆ ಬರೆಯುವುದು ಖಂಡಿತ, ಆ ವಾದಕ್ಕೆ ಇನ್ನೊಂದು ವಾರವಿದೆ.) ಪರದೇಶದಲ್ಲಿ ಮಗಳಿಗೆ ತಾನಾಗಿ ದಾಟಿಸಲು ಸಾಧ್ಯವಾದ ಕೆಲವೇ ವಿದ್ಯೆಗಳಲ್ಲಿ ಇದೂ ಒಂದು ಎಂಬ ಹೆಮ್ಮೆ ಅವರಿಗಿದ್ದರೆ ಆಶ್ಚರ್ಯವಿಲ್ಲ. ಅದೇ ಮಗಳು ನೆಪ ಹೇಳಿ ದೂರ ಸರಿದಳೆಂದು ನಾಳೆ ಗೊತ್ತಾದರೆ, ಇಂದು ನೀವು ನೇರವಾಗಿ ಹೇಳುವ ಮಾತಿಗಿಂತ ಅದು ಹೆಚ್ಚು ನೋಯಿಸೀತು.

ಆದುದರಿಂದ ಋತು ತೆರೆಯುವ ಮೊದಲೇ, ಕಾಡಿನಲ್ಲಲ್ಲ, ಮನೆಯಲ್ಲಿ, ನೀವಿಬ್ಬರೇ ಇರುವಾಗ ಮಾತನಾಡಿ. ಅಣ್ಣನನ್ನೂ ಅಮ್ಮನನ್ನೂ ಸೇರಿಸಿಕೊಂಡು ಕುಳಿತರೆ ಅದು ಪಂಚಾಯಿತಿಯಾಗುತ್ತದೆ. "ನಿಮಗೆ ವಯಸ್ಸಾಯಿತು" ಎಂದು ಆರಂಭಿಸಬೇಡಿ, ಕಂಡದ್ದನ್ನಷ್ಟೇ ಹೇಳಿ: "ಅಪ್ಪಯ್ಯ, ಹೋದ ಸಲ ಕೋವಿ ಹಾರದಿದ್ದಾಗ ಅದರ ಬಾಯಿ ನನ್ನ ಕಡೆ ತಿರುಗಿತ್ತು. ಆಮೇಲೆ ತುಂಬಿದ ಕೋವಿಗೇ ಮತ್ತೆ ಮದ್ದು ಹಾಕಲು ಹೋದಿರಿ. ನಾನು ಹೆದರಿದೆ, ಆದರೆ ನಿಮಗೆ ಹೇಳಲಿಲ್ಲ." ಇಷ್ಟು ಹೇಳಿ ಸುಮ್ಮನಾಗಿ. ಅವರು ಸಿಡುಕಬಹುದು, ಹಾಗಾಗಲೇ ಇಲ್ಲವೆನ್ನಬಹುದು. ವಾದಕ್ಕಿಳಿಯದೆ ಎರಡು ದಿನ ಬಿಡಿ.

ಮರೆವಿಗೆ ನೀವೇ ಹೆಸರಿಡಬೇಡಿ. ನಿದ್ರೆಗೇಡು, ಹೊಸ ಮಾತ್ರೆ, ಮಂದವಾದ ಕಿವಿ, ಕಣ್ಣಿನ ಪೊರೆ, ಬರೀ ದಣಿವು — ಯಾವುದೂ ಕಾರಣವಿರಬಹುದು. ಕಣ್ಣು ಮತ್ತು ಜ್ಞಾಪಕಶಕ್ತಿಯ ತಪಾಸಣೆಯನ್ನು ಈ ಋತುವಿನ ಷರತ್ತಾಗಿ ಕೇಳಿಕೊಳ್ಳಿ. ಮನೆಯಲ್ಲಿಯೂ ಒಲೆ ಆರಿಸಲು ಅಥವಾ ಪರಿಚಿತ ದಾರಿಯಲ್ಲಿ ಕಾರು ಓಡಿಸಲು ತಡವರಿಸುತ್ತಿದ್ದಾರೆಯೇ ಎಂದು ಅಮ್ಮನನ್ನು ಬೇರೆಯಾಗಿ ಕೇಳಿ. ಅದು ಕೋವಿಗಿಂತ ದೊಡ್ಡ ಸುದ್ದಿಯಾದೀತು. ಹಿಮದಲ್ಲಿ ಜಿಂಕೆಯನ್ನು ಎಳೆದು ತರುವ ಶ್ರಮವನ್ನು ಅವರ ಎದೆ ತಾಳುವುದೇ ಎಂಬುದನ್ನೂ ವೈದ್ಯರಲ್ಲಿ ವಿಚಾರಿಸಬಹುದು.

ತಪಾಸಣೆ ಮುಗಿಯುವವರೆಗೆ ಇಬ್ಬರಿಗೂ ಒಂದೇ ಕೋವಿ ಇರಲಿ, ಈಡು ತುಂಬುವುದೂ ಹೊರುವುದೂ ಹಾರಿಸುವುದೂ ನಿಮ್ಮ ಕೆಲಸವಾಗಲಿ. ಗುಂಡು ಜಡಿಯುವ ಕೋಲಿನ ಮೇಲೆ ಖಾಲಿ ನಳಿಗೆಗೊಂದು, ತುಂಬಿದ ನಳಿಗೆಗೊಂದು ಗೆರೆ ಹಾಕಿಟ್ಟರೆ ಈಡು ಇದೆಯೋ ಇಲ್ಲವೋ ಎಂಬುದನ್ನು ನೆನಪಿಗೆ ಬಿಡಬೇಕಾಗಿಲ್ಲ. ಗಾಳಿ ನೋಡುವುದು, ಜಾಡು ಹಿಡಿಯುವುದು, ಎಲ್ಲಿ ಕಾಯಬೇಕೆಂದು ನಿರ್ಧರಿಸುವುದು ಅಪ್ಪಯ್ಯನದಾಗಲಿ. ಬೇಟೆಯಲ್ಲಿ ಅನುಭವ ಹೆಚ್ಚು ಬೇಕಾಗುವುದೂ ಅಲ್ಲಿಯೇ. ಕೋವಿ ಹಿಡಿಯದಿದ್ದರೂ ಅವರ ಪರವಾನಗಿಯನ್ನು ನವೀಕರಿಸಿ, ಏಕೆಂದರೆ ಜಿಂಕೆಯನ್ನು ಅಟ್ಟಲು ನೆರವಾಗುವುದನ್ನೂ ಬೇಟೆಯೆಂದೇ ಎಣಿಸುತ್ತಾರೆ. ಕಡ್ಡಾಯವಿರಲಿ ಇಲ್ಲದಿರಲಿ, ಇಬ್ಬರೂ ಕಿತ್ತಳೆ ಬಣ್ಣದ ಅಂಗಿ ಧರಿಸಿ.

ಇದಾವುದಕ್ಕೂ ಅವರು ಒಪ್ಪದಿದ್ದರೆ ನೀವು ಜೊತೆಗೆ ಹೋಗಬೇಡಿ, ಹೋಗದಿರುವ ನಿಜವಾದ ಕಾರಣವನ್ನೇ ಅವರಿಗೆ ಹೇಳಿ. ಅಮ್ಮನಿಗೂ ಅದೇ ದಿನ ಎಲ್ಲವನ್ನೂ ತಿಳಿಸಿ, ಮದ್ದಿನ ಡಬ್ಬಿಯೂ ಕೋವಿಯೂ ಬೀಗದೊಳಗೆ ಇರುವಂತೆ ಮತ್ತು ಕೀಲಿಕೈ ಅಮ್ಮನ ಬಳಿ ಉಳಿಯುವಂತೆ ನೋಡಿಕೊಳ್ಳಿ.