ಅಮೆಜಾನ್ ಕೈಗೆ ಹೋದ ಮೇಲೆ ಜೇಮ್ಸ್ ಬಾಂಡ್ ಸಿನಿಮಾಗಳ ಗತಿ ಏನು?

ಬಾಂಡ್ ನಿಲ್ಲುವುದಿಲ್ಲ, ಬಹುಶಃ ಜಾಸ್ತಿಯೇ ಬರುತ್ತಾನೆ. 2022ರಲ್ಲಿ ಅಮೆಜಾನ್ ಸುಮಾರು 850 ಕೋಟಿ ಡಾಲರ್ ಕೊಟ್ಟು ಬಾಂಡ್ ಚಿತ್ರಗಳ ಸ್ಟುಡಿಯೋ ಎಂಜಿಎಂ ಕೊಂಡರೂ, ನಾಯಕ ಯಾರು, ಕಥೆ ಏನು ಅನ್ನೋದನ್ನು ಈ ಚಿತ್ರಗಳನ್ನು ನಿರ್ಮಿಸುತ್ತಾ ಬಂದ ಬ್ರೊಕೊಲಿ ಕುಟುಂಬವೇ ತೀರ್ಮಾನಿಸುತ್ತಿತ್ತು. 2025ರ ಫೆಬ್ರವರಿಯಲ್ಲಿ ಆ ಹಿಡಿತವನ್ನೂ ಕಂಪನಿಗೆ ಬಿಟ್ಟುಕೊಡಲು ಒಪ್ಪಂದವಾಯಿತು. ಆ ಕುಟುಂಬದ ಬಾರ್ಬರಾ ಬ್ರೊಕೊಲಿ, ಮೈಕೆಲ್ ವಿಲ್ಸನ್ ಸಹ-ಮಾಲೀಕರಾಗಿ ಉಳಿದರು, ಅಷ್ಟೇ.

ನನಗೆ ಭಯ ಇರೋದು ಸ್ಪಿನ್-ಆಫ್‌ಗಳದ್ದು, ಅಂದ್ರೆ ಪಕ್ಕದ ಪಾತ್ರಗಳನ್ನು ಹಿಡಿದು ಮಾಡೋ ಬೇರೆ ಕಥೆಗಳದ್ದು. ಬಾಂಡ್‌ನ ಬಾಸ್‌ನ ಕಾರ್ಯದರ್ಶಿ ಮನಿಪೆನ್ನಿಗೊಂದು ಸೀರೀಸ್, ಅವನಿಗೆ ಉಪಕರಣ ಮಾಡಿಕೊಡೋ ಕ್ಯೂಗೊಂದು ಸೀರೀಸ್ ಅಂತ ಸುಮ್ನೆ ಎಳೆದರೆ ಮಜಾ ಹೋಗುತ್ತೆ, ಅಲ್ವಾ? ಆದರೆ ಮುಂದಿನ ಸಿನಿಮಾಕ್ಕೆ ಆರಿಸಿದವರು ಸಾಮಾನ್ಯರಲ್ಲ: ನಿರ್ದೇಶನಕ್ಕೆ ‘ಡ್ಯೂನ್’ ಸಿನಿಮಾ ಮಾಡಿದ ಡೆನಿ ವಿಲ್ನೆವ್, ಬರವಣಿಗೆಗೆ ‘ಪೀಕಿ ಬ್ಲೈಂಡರ್ಸ್’ ಸೀರೀಸ್ ಬರೆದ ಸ್ಟೀವನ್ ನೈಟ್. 2021ರ ಚಿತ್ರದ ಕೊನೆಯಲ್ಲಿ ಕ್ಷಿಪಣಿ ದಾಳಿಗೆ ಬಾಂಡ್ ಸತ್ತೇಹೋದ. ಹಾಗಾಗಿ ಹೊಸ ಮುಖದ ಜೊತೆ ಕಥೆಯನ್ನೂ ಮೊದಲಿಂದ ಶುರು ಮಾಡಬೇಕು.