ಓದುಗರ ಪ್ರಶ್ನೆ: ಬೇಸಿಗೆಯ ರೇಸಿಗೆ ಹೊರಟವರಿಗೆ

ಮುಂಬಯಿ, ಪುಣೆ, ಗೋವಾದ ಕನ್ನಡಿಗರ ಓಟದ ಬಳಗಗಳಿಂದ ಈ ಸಲ ಬಂದ ಪತ್ರಗಳೆಲ್ಲ ಹೆಚ್ಚುಕಮ್ಮಿ ಒಂದೇ ವಿಷಯದ ಸುತ್ತ ಇವೆ. ಜನವರಿಯ ಮ್ಯಾರಥಾನ್ ಮುಗಿಸಿದವರು ಏಪ್ರಿಲ್, ಮೇ ತಿಂಗಳ ರೇಸುಗಳಿಗೆ ಹೆಸರು ಕೊಟ್ಟಿದ್ದಾರೆ, ಆದರೆ ಸೆಕೆಯಲ್ಲಿ ಕಾಲು ಏಳುತ್ತಿಲ್ಲ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮ ಬಳಗದ ಕೆಲವರು ಏಪ್ರಿಲ್ ಕೊನೆಗೆ ಬೆಂಗಳೂರಿನ ವರ್ಲ್ಡ್ 10ಕೆ (10 ಕಿಲೋಮೀಟರಿನ ರೇಸು) ಓಡಲಿದ್ದೇವೆ. ಜನವರಿಯಲ್ಲಿ ಕಿಲೋಮೀಟರಿಗೆ 6 ನಿಮಿಷದಂತೆ ಹಾಫ್ ಮ್ಯಾರಥಾನ್ ಮುಗಿಸಿದ್ದೆ. ಈಗ ಶಿವಾಜಿ ಪಾರ್ಕ್ ಸುತ್ತುವಾಗ ಆರೂವರೆ ನಿಮಿಷದ ಓಟಕ್ಕೇ ಏದುಸಿರು ಬರುತ್ತದೆ. ಮಾಡಿದ ಅಭ್ಯಾಸವೆಲ್ಲ ಹೋಯಿತೇ? – ಮಾಟುಂಗಾ

ಉತ್ತರ: ಹೋಗಿಲ್ಲ. ಓಡುವಾಗ ಹುಟ್ಟುವ ಶಾಖವನ್ನು ಮೈ ಹೊರಹಾಕುವುದು ಮುಖ್ಯವಾಗಿ ಬೆವರು ಆರುವುದರ ಮೂಲಕ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲೊರಿ ಶಾಖ ಹೋಗುತ್ತದೆ. ಮುಂಬಯಿಯ ಏಪ್ರಿಲ್ ಮುಂಜಾವಿನಲ್ಲಿ ಗಾಳಿಯಲ್ಲಿ ಆಗಲೇ ಅಷ್ಟು ನೀರಿನ ಪಸೆ ಇರುವುದರಿಂದ ಬೆವರು ಬೇಗ ಆರುವುದಿಲ್ಲ. ಮೊಣಕೈಯಿಂದ ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಹನಿ ಮೈಯನ್ನು ಒಂದಿಷ್ಟೂ ತಂಪು ಮಾಡಿರುವುದಿಲ್ಲ. ಶಾಖ ಒಳಗೇ ಉಳಿಯುತ್ತದೆ. ಹೃದಯ ಕಾಲಿನ ಸ್ನಾಯುವಿಗೂ ಚರ್ಮಕ್ಕೂ ಒಟ್ಟಿಗೇ ರಕ್ತ ಒದಗಿಸಬೇಕಾಗುತ್ತದೆ. ಅದಕ್ಕೇ ವೇಗ ಅದೇ ಇದ್ದರೂ ಅರ್ಧ ಗಂಟೆ ಕಳೆಯುವಷ್ಟರಲ್ಲಿ ನಾಡಿಬಡಿತ ಮೇಲೇರುತ್ತದೆ.

ಇದು ಎಂಥ ಓಟಗಾರರನ್ನೂ ಬಿಟ್ಟಿಲ್ಲ. 2019ರ ದೋಹಾ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಮಹಿಳೆಯರ ಮ್ಯಾರಥಾನನ್ನು ಸೆಕೆಗೆ ಹೆದರಿ ನಡುರಾತ್ರಿ ಇಟ್ಟಿದ್ದರು. ಹೊರಟ 68 ಮಂದಿಯಲ್ಲಿ ಗುರಿ ಮುಟ್ಟಿದವರು 40 ಮಾತ್ರ. ಗೆದ್ದ ಕೆನ್ಯಾದ ಓಟಗಾರ್ತಿ ತೆಗೆದುಕೊಂಡದ್ದು 2 ಗಂಟೆ 32 ನಿಮಿಷ 43 ಸೆಕೆಂಡು. ಅದೇ ವರ್ಷ ಜನವರಿಯಲ್ಲಿ ದುಬೈಯಲ್ಲಿ ಆಕೆ 2 ಗಂಟೆ 17 ನಿಮಿಷ 8 ಸೆಕೆಂಡಿನಲ್ಲಿ ಓಡಿದ್ದರು. ಅಷ್ಟು ದೊಡ್ಡ ಓಟಗಾರ್ತಿಯೇ ಹದಿನೈದು ನಿಮಿಷ ಬಿಟ್ಟುಕೊಟ್ಟು ಚಿನ್ನ ಗೆದ್ದರು. ನೀವು ಕಿಲೋಮೀಟರಿಗೆ ಅರ್ಧ ನಿಮಿಷ ಬಿಟ್ಟುಕೊಡಲು ಹಿಂಜರಿಯಬೇಡಿ.

ಹಾಗಾಗಿ ಜೂನ್‌ವರೆಗೆ ವಾಚಿನ ವೇಗ ನೋಡಿ ಓಡಬೇಡಿ, ಉಸಿರು ನೋಡಿ ಓಡಿ. ಪಕ್ಕದವರೊಂದಿಗೆ ಪೂರ್ತಿ ವಾಕ್ಯ ಆಡಲು ಆಗಬೇಕು, ಅದೇ ನಿಮ್ಮ ಸುಲಭ ಓಟ. ವೇಗದ ಅಭ್ಯಾಸವನ್ನು ವಾರಕ್ಕೆ ಒಂದಕ್ಕೆ ಇಳಿಸಿ, ಅದನ್ನೂ ತುಂಡು ಮಾಡಿ. ಒಂದು ಕಿಲೋಮೀಟರಿನ ಐದು ಸುತ್ತಿನ ಬದಲು 400 ಮೀಟರಿನ ಹತ್ತು ಸುತ್ತು ಓಡಿ, ನಡುವೆ ಎರಡು ನಿಮಿಷ ನಡೆಯಿರಿ. ಕಾಲಿಗೆ ವೇಗ ಮರೆಯುವುದಿಲ್ಲ, ಮೈಯಲ್ಲಿ ಶಾಖವೂ ತುಂಬುವುದಿಲ್ಲ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಬೆಳಗಿನ ಗಾಳಿ ಇಲ್ಲಿಗಿಂತ ತಂಪು, ಒಣ. ಅಲ್ಲಿ ಕಾಲು ತಾನಾಗಿ ಹಗುರವಾಗುತ್ತದೆ, ಆ ಹುಮ್ಮಸ್ಸಿನಲ್ಲೇ ಮುಂಬಯಿಯವರು ಕೆಡುತ್ತಾರೆ. ಮರೀನ್ ಡ್ರೈವ್‌ನಂತೆ ಅಲ್ಲಿನ ರಸ್ತೆ ಸಪಾಟಲ್ಲ, ಏರಿಳಿತಗಳಿವೆ. ಮೊದಲ 2 ಕಿಲೋಮೀಟರನ್ನು ಗುರಿಯ ವೇಗಕ್ಕಿಂತ 10 ಸೆಕೆಂಡು ನಿಧಾನವಾಗಿ ಓಡಿ, ಮುಂದಿನವರು ದಾಟಿ ಹೋದರೆ ಹೋಗಲಿ.

ಪ್ರಶ್ನೆ: ನಾನು ಪುಣೆಯ ವೇತಾಳ ಟೇಕಡಿ ಗುಡ್ಡದಲ್ಲಿ ನಿತ್ಯ ಓಡುವವನು. ಮೇ ತಿಂಗಳಲ್ಲಿ ಮುಂಬಯಿಯಲ್ಲೊಂದು ರೇಸಿದೆ. ಒಂದು ದಿನ ಮೊದಲೇ ಹೋಗಿ ಉಳಿದರೆ ಹವೆ ಒಗ್ಗುತ್ತದೆಯೇ? – ಕೋಥರೂಡ್, ಪುಣೆ

ಉತ್ತರ: ಒಂದು ದಿನದಲ್ಲಿ ನಿದ್ದೆ ಸರಿಯಾಗಬಹುದು, ಹವೆ ಒಗ್ಗುವುದಿಲ್ಲ. ಸೆಕೆಗೆ ಮೈ ಹೊಂದಿಕೊಳ್ಳಲು 10ರಿಂದ 14 ದಿನ ಬೇಕು. ಮೊದಲ ಐದಾರು ದಿನಗಳಲ್ಲಿ ರಕ್ತದ ನೀರಿನಂಶ ಹೆಚ್ಚಿ ನಾಡಿಬಡಿತ ಇಳಿಯುತ್ತದೆ. ಬೆವರು ಬೇಗ ಶುರುವಾಗುವುದು, ಅದರಲ್ಲಿ ಉಪ್ಪು ಕಡಿಮೆಯಾಗುವುದು ಎರಡನೇ ವಾರದ ಕೆಲಸ. ಪುಣೆಯಲ್ಲೇ ಇದನ್ನು ಸಾಕಷ್ಟು ಮಾಡಿಕೊಳ್ಳಬಹುದು. ರೇಸಿಗೆ ಹದಿನೈದು ದಿನ ಇರುವಾಗ ವಾರದ ಮೂರು ಓಟಗಳನ್ನು ಆರು ಗಂಟೆಯಿಂದ ಎಂಟು ಗಂಟೆಗೆ ತಳ್ಳಿ. ಮೊದಲ ದಿನ 20 ನಿಮಿಷ, ಆಮೇಲೆ ಪ್ರತಿ ಸಲ ಐದು ನಿಮಿಷ ಸೇರಿಸಿ, 45 ನಿಮಿಷಕ್ಕೆ ನಿಲ್ಲಿಸಿ. ಎಲ್ಲವೂ ನಿಧಾನದ ಓಟ, ಜೊತೆಗೊಬ್ಬರು ಇರಲೇಬೇಕು. ತಲೆ ಹಗುರಾದರೆ, ಮೈ ಜುಮ್ಮೆಂದು ರೋಮ ನಿಂತರೆ ಅಂದಿಗೆ ಅಲ್ಲಿಗೇ ಸಾಕು. ರೇಸಿನ ಹಿಂದಿನ ನಾಲ್ಕು ದಿನ ಮತ್ತೆ ತಂಪು ಹೊತ್ತಿಗೆ ಬನ್ನಿ. ಗಳಿಸಿದ್ದು ಅಷ್ಟರಲ್ಲಿ ಹೋಗುವುದಿಲ್ಲ, ಮೂರು ನಾಲ್ಕು ವಾರ ಬಿಟ್ಟರೆ ಮಾತ್ರ ಕರಗುತ್ತದೆ.

ಇನ್ನೊಂದು ಮಾತು. ಪುಣೆಯ ಒಣ ಗಾಳಿಯಲ್ಲಿ ಬೆವರು ಕಾಣುವ ಮೊದಲೇ ಆರಿಹೋಗುತ್ತದೆ. ಅಂಗಿ ಒದ್ದೆಯಾಗಿಲ್ಲವೆಂದು ನೀರು ಬೇಡ ಅಂದುಕೊಳ್ಳಬೇಡಿ. ಕಪ್ಪು ಅಂಗಿಯ ಬೆನ್ನ ಮೇಲೆ ಒಣಗಿದ ಬಿಳಿ ಉಪ್ಪಿನ ಗೆರೆ ಎಷ್ಟಿದೆ ನೋಡಿ, ಅದೇ ಲೆಕ್ಕ.

ಪ್ರಶ್ನೆ: ಓಡುವಾಗ ಎಷ್ಟು ನೀರು ಕುಡಿಯಬೇಕು? ಕೆಲವರು ಹತ್ತು ನಿಮಿಷಕ್ಕೊಮ್ಮೆ ಅನ್ನುತ್ತಾರೆ, ಕೆಲವರು ಬಾಯಾರಿದಾಗ ಮಾತ್ರ. ಓಆರ್‌ಎಸ್ ಕುಡಿದರೆ ನನಗೆ ಹೊಟ್ಟೆ ತೊಳಸುತ್ತದೆ. – ಡೊಂಬಿವಲಿ, ಇದೇ ಪ್ರಶ್ನೆ ಚಿಂಚವಡದಿಂದಲೂ

ಉತ್ತರ: ನಿಮ್ಮ ಬೆವರಿನ ಲೆಕ್ಕ ನೀವೇ ತೆಗೆಯಿರಿ. ಓಟಕ್ಕೆ ಮೊದಲು ಮೂತ್ರ ಮುಗಿಸಿ, ಬಟ್ಟೆಯಿಲ್ಲದೆ ತೂಕ ನೋಡಿ. ಸರಿಯಾಗಿ ಒಂದು ಗಂಟೆ ಓಡಿ, ನಡುವೆ ಕುಡಿದ ನೀರನ್ನು ಅಳೆದಿಡಿ. ಬಂದು ಮೈ ಚೆನ್ನಾಗಿ ಒರೆಸಿಕೊಂಡು ಮತ್ತೆ ತೂಗಿ. ಮೊದಲು 64.2 ಕಿಲೋ, ಆಮೇಲೆ 63.1 ಕಿಲೋ, ಕುಡಿದದ್ದು 300 ಮಿಲಿಲೀಟರ್ ಎಂದಾದರೆ ಹೋದ ಬೆವರು 1.4 ಲೀಟರ್. ಒದ್ದೆ ಅಂಗಿ ಹಾಕಿಕೊಂಡೇ ತೂಗಿದರೆ ಲೆಕ್ಕ ತಪ್ಪುತ್ತದೆ, ಬಟ್ಟೆಯೇ ಪಾವು ಕಿಲೋ ನೀರು ಹಿಡಿದಿರುತ್ತದೆ.

ಹೋದದ್ದನ್ನೆಲ್ಲ ಓಡುತ್ತಲೇ ತುಂಬಿಕೊಳ್ಳಬೇಕಿಲ್ಲ, ತುಂಬಲೂ ಆಗದು. ಮೈತೂಕದ ನೂರಕ್ಕೆ ಎರಡರಷ್ಟು ಇಳಿಕೆಯನ್ನು ಹೆಚ್ಚಿನವರು ತಡೆದುಕೊಳ್ಳುತ್ತಾರೆ. 10 ಕಿಲೋಮೀಟರಿನ ರೇಸಿಗೆ ಎರಡು ಗಂಟೆ ಮೊದಲು 400 ಮಿಲಿಲೀಟರ್, ದಾರಿಯಲ್ಲಿ ಬಾಯಾರಿಕೆಯಂತೆ ನಾಲ್ಕೈದು ಗುಟುಕು ಸಾಕು. ಹಾಫ್ ಮ್ಯಾರಥಾನಿಗೆ ಗಂಟೆಗೆ 400ರಿಂದ 700 ಮಿಲಿಲೀಟರ್, ಅದರಲ್ಲಿ ಅರ್ಧದಷ್ಟಾದರೂ ಉಪ್ಪು ಸಕ್ಕರೆ ಇರುವ ನೀರು.

ಓಟ ಮುಗಿದಾಗ ತೂಕ ಹೆಚ್ಚಿದ್ದರೆ ಅದು ಅಪಾಯ. ಬರೀ ನೀರನ್ನೇ ಅತಿಯಾಗಿ ಕುಡಿದಾಗ ರಕ್ತದ ಸೋಡಿಯಂ ಇಳಿಯುತ್ತದೆ. 2002ರ ಬೋಸ್ಟನ್ ಮ್ಯಾರಥಾನಿನಲ್ಲಿ ಪರೀಕ್ಷೆಗೆ ರಕ್ತ ಕೊಟ್ಟ 488 ಓಟಗಾರರಲ್ಲಿ ನೂರಕ್ಕೆ 13 ಮಂದಿಗೆ ಹೀಗಾಗಿತ್ತು, ಹೆಚ್ಚಾಗಿ ನಾಲ್ಕು ಗಂಟೆ ಮೀರಿ ಓಡಿದವರಿಗೆ. ಉಂಗುರ ಬಿಗಿಯಾಗುವುದು, ವಾಚಿನ ಪಟ್ಟಿ ಕಚ್ಚಿ ಗುರುತು ಬೀಳುವುದು, ತಲೆನೋವು, ವಾಂತಿ, ಮಂಕು ಇದರ ಲಕ್ಷಣ. ಅಂಥವರಿಗೆ ಇನ್ನಷ್ಟು ನೀರು ಕುಡಿಸಿದರೆ ಜೀವಕ್ಕೇ ಸಂಚಕಾರ.

ಓಆರ್‌ಎಸ್ ವಿಷಯ. ಹೊಟ್ಟೆ ತೊಳಸುವುದಕ್ಕೆ ಸಾಮಾನ್ಯ ಕಾರಣ ಅಳತೆ ತಪ್ಪುವುದು. ಸುಮಾರು 21 ಗ್ರಾಮಿನ ದೊಡ್ಡ ಪೊಟ್ಟಣ ಇಡೀ ಒಂದು ಲೀಟರ್ ನೀರಿಗೆ. 200 ಮಿಲಿಲೀಟರಿಗೆ ಬೇರೆಯೇ ಚಿಕ್ಕ ಪೊಟ್ಟಣವಿದೆ. ದೊಡ್ಡದನ್ನು ಅರ್ಧ ಲೀಟರಿನ ಬಾಟಲಿಗೆ ಸುರಿದರೆ ದ್ರಾವಣ ಗಟ್ಟಿಯಾಗಿ, ನೀರನ್ನು ಕರುಳಿನೊಳಕ್ಕೆ ಎಳೆದುಕೊಳ್ಳುತ್ತದೆ, ಹೊಟ್ಟೆ ಗುಡುಗುಡು ಅನ್ನುತ್ತದೆ. ಮನೆಯಲ್ಲಿ ಮಾಡುವುದಾದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಮಟ್ಟ ಮಾಡಿದ ಚಮಚದಲ್ಲಿ. ಎಳನೀರಿನಲ್ಲಿ ಪೊಟ್ಯಾಸಿಯಂ ಬೇಕಷ್ಟಿದೆ, ಆದರೆ ಬೆವರಿನಲ್ಲಿ ಹೋಗುವ ಸೋಡಿಯಂ ಅದರಲ್ಲಿ ಕಡಿಮೆ. ಓಟದ ನಂತರ ಬೊಂಡ ಕುಡಿಯಿರಿ, ಜೊತೆಗೆ ಉಪ್ಪು ಹಾಕಿದ ಮಜ್ಜಿಗೆಯೋ ಪುನರ್ಪುಳಿ ಶರಬತ್ತೋ ಇರಲಿ.

ಪ್ರಶ್ನೆ: ಮೇ ತಿಂಗಳಲ್ಲಿ ನಮ್ಮ ಸಂಘದಿಂದ 150 ಮಂದಿಗೆ 5 ಕಿಲೋಮೀಟರ್ ಓಟ ಇಡಲಿದ್ದೇವೆ. ನೀರು, ಬರ್ಫ (ಐಸ್) ಎಷ್ಟು ತರಿಸಬೇಕು? ಯಾರಾದರೂ ಕುಸಿದರೆ ಏನು ಮಾಡಬೇಕು? – ನವಿ ಮುಂಬಯಿ

ಉತ್ತರ: ಮೇ ತಿಂಗಳಲ್ಲಿ ಮುಂಬಯಿಯ ಸೂರ್ಯೋದಯ ಆರು ಗಂಟೆಯ ಹೊತ್ತಿಗೆ. 5.45ಕ್ಕೆ ಓಟ ಬಿಡಿ, 6.45ಕ್ಕೆ ಕೊನೆಯವರೂ ಮುಗಿಸಲಿ. ಭಾಷಣ, ದೀಪ ಬೆಳಗಿಸುವುದು ಎಲ್ಲ ಓಟದ ನಂತರ ಇರಲಿ. ಅತಿಥಿಗಳಿಗೆ ಕಾದು ಅರ್ಧ ಗಂಟೆ ತಡಮಾಡಿದರೆ ಅಷ್ಟು ಬಿಸಿಲನ್ನು ಓಟಗಾರರ ತಲೆಯ ಮೇಲೆ ಹೊರಿಸಿದಂತೆ.

ನೀರಿನ ಮೇಜು 2.5 ಕಿಲೋಮೀಟರಿನಲ್ಲಿ ಒಂದು, ಮುಕ್ತಾಯದಲ್ಲಿ ಒಂದು. ತಲಾ ಎರಡು ಲೋಟ, ಒಂದು ಕುಡಿಯಲು, ಒಂದು ತಲೆಗೆ ಸುರಿದುಕೊಳ್ಳಲು. 150 ಮಿಲಿಲೀಟರಿನ ಲೋಟವಾದರೆ 45 ಲೀಟರ್ ಆಯಿತು. ಚೆಲ್ಲುವುದನ್ನೂ ಸೇರಿಸಿ ಪ್ರತಿ ಮೇಜಿಗೆ 20 ಲೀಟರಿನ ನಾಲ್ಕು ಜಾರ್ ಇಡಿ, ಮುಕ್ತಾಯದಲ್ಲಿ ಎರಡು ಹೆಚ್ಚು. ಲೋಟವನ್ನು ಮುಕ್ಕಾಲಷ್ಟೇ ತುಂಬಿ, ತುಂಬಿದ ಲೋಟ ಓಡುವವರ ಕೈಯಲ್ಲಿ ಉಳಿಯುವುದಿಲ್ಲ. ಕಸದ ಡಬ್ಬ ಮೇಜಿನಿಂದ 50 ಹೆಜ್ಜೆ ಮುಂದಿರಲಿ.

ಬರ್ಫ 60 ಕಿಲೋ, ಎರಡು ಐಸ್ ಬಾಕ್ಸ್, ಹದಿನೈದಿಪ್ಪತ್ತು ದೊಡ್ಡ ಟವೆಲ್, ಒಬ್ಬರು ಕಾಲು ಚಾಚಿ ಕೂರಬಹುದಾದ ಒಂದು ಪ್ಲಾಸ್ಟಿಕ್ ಟಬ್, ಪಕ್ಕದಲ್ಲೇ ನಲ್ಲಿ ಅಥವಾ ನೀರು ತುಂಬಿದ ಡ್ರಮ್ಮು. ಇಷ್ಟು ಇಲ್ಲದೆ ಮೇ ತಿಂಗಳ ಓಟ ನಡೆಸಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಟಿ-ಶರ್ಟಿನ ಹಣ ಕಡಿತ ಮಾಡಿಯಾದರೂ ಇದನ್ನು ತರಿಸಿ. ಫ್ಯಾಕ್ಟರಿಯ ಬರ್ಫವನ್ನು ಕುಡಿಯುವ ನೀರಿಗೆ ಹಾಕಬೇಡಿ, ಅದು ಮೈ ತಣಿಸಲು ಮಾತ್ರ.

ಕುಸಿದವರಲ್ಲಿ ಎರಡು ಬಗೆ. ಗೆರೆ ದಾಟಿ ಥಟ್ಟನೆ ನಿಂತವರಿಗೆ ರಕ್ತ ಕಾಲಿಗಿಳಿದು ತಲೆ ಸುತ್ತುತ್ತದೆ. ನೆರಳಲ್ಲಿ ಮಲಗಿಸಿ ಕಾಲನ್ನು ಒಂದಡಿ ಎತ್ತಿ ಹಿಡಿದರೆ ಕೆಲವೇ ನಿಮಿಷದಲ್ಲಿ ಸರಿಯಾಗಿ ಮಾತಾಡುತ್ತಾರೆ. ಎರಡನೆಯದು ಶಾಖಾಘಾತ, ಅಂದರೆ ಹೀಟ್ ಸ್ಟ್ರೋಕ್. ಮೈಯೊಳಗಿನ ಉಷ್ಣತೆ 40 ಡಿಗ್ರಿ ದಾಟಿ ಮಿದುಳಿಗೆ ಏಟು ಬಿದ್ದಿರುತ್ತದೆ. ಗುರುತು ಮಾತಿನಲ್ಲಿದೆ. "ಈಗ ಎಲ್ಲಿದ್ದೀರಿ, ಜೊತೆಗೆ ಯಾರು ಬಂದಿದ್ದಾರೆ?" ಎಂದು ಕೇಳಿ. ಉತ್ತರ ತಪ್ಪಿದರೆ, ಸುಮ್ಮನೆ ಸಿಟ್ಟಾದರೆ, ಓಲಾಡುತ್ತ ಓಡಲು ಹೋದರೆ ಶಾಖಾಘಾತವೆಂದೇ ತಿಳಿಯಿರಿ. ಚರ್ಮ ಒಣಗಿರಬೇಕು ಎಂದು ಹಲವರು ನಂಬಿದ್ದಾರೆ. ಓಟಗಾರರಲ್ಲಿ ಅದು ಹೆಚ್ಚಾಗಿ ಬೆವರಿನಿಂದ ತೊಯ್ದೇ ಇರುತ್ತದೆ. ಹಣೆಗೆ ಹಿಡಿಯುವ ಗನ್ ಥರ್ಮಾಮೀಟರ್ ಕಡಿಮೆ ತೋರಿಸಿ ಮೋಸ ಮಾಡುತ್ತದೆ, ಅದನ್ನು ನಂಬಬೇಡಿ.

ಒಬ್ಬರು 108ಕ್ಕೆ ಫೋನ್ ಮಾಡಲಿ, ಉಳಿದವರು ಆ ಕ್ಷಣವೇ ತಣಿಸಲು ಶುರುಮಾಡಲಿ. ಆಂಬುಲೆನ್ಸ್ ಬರಲೆಂದು ಕಾಯುತ್ತ ಕೂರಬಾರದು. ಬರ್ಫದ ನೀರಿನ ಟಬ್ಬಿನಲ್ಲಿ ಕತ್ತಿನವರೆಗೆ ಮುಳುಗಿಸಿ, ಎರಡು ಕಂಕುಳಿನಡಿ ಟವೆಲ್ ಹಾಯಿಸಿ ಹಿಂದಿನಿಂದ ಒಬ್ಬರು ಹಿಡಿದುಕೊಳ್ಳಿ, ತಲೆ ಜಾರಬಾರದು. ಇನ್ನೊಬ್ಬರು ನೀರನ್ನು ಕಲಕುತ್ತಿರಲಿ, ಇಲ್ಲವಾದರೆ ಮೈ ಸುತ್ತಲಿನ ನೀರು ಬೆಚ್ಚಗಾಗಿಬಿಡುತ್ತದೆ. ಹೀಗೆ ಹತ್ತು ಹದಿನೈದು ನಿಮಿಷ. ಟಬ್ ಇಲ್ಲದಿದ್ದರೆ ಬರ್ಫದ ನೀರಿನಲ್ಲಿ ಅದ್ದಿದ ಟವೆಲ್ಲುಗಳನ್ನು ತಲೆಯಿಂದ ಕಾಲಿನವರೆಗೆ ಹೊದಿಸಿ, ಎರಡು ಮೂರು ನಿಮಿಷಕ್ಕೊಮ್ಮೆ ಬದಲಿಸಿ. ಮಂಕಾದವರ ಬಾಯಿಗೆ ಏನೂ ಹಾಕಬೇಡಿ. ಪ್ಯಾರಾಸಿಟಮಾಲ್ ಇಲ್ಲಿ ಕೆಲಸ ಮಾಡದು, ಇದು ಜ್ವರವಲ್ಲ. ಅರ್ಧ ಗಂಟೆಯೊಳಗೆ ಮೈ ತಣಿದರೆ ಬಹುತೇಕ ಎಲ್ಲರೂ ಉಳಿಯುತ್ತಾರೆ. ತಣಿಸಿದ ಮೇಲೆ ಎದ್ದು ಕೂತು ಮಾತಾಡಿದರೂ ಆಸ್ಪತ್ರೆಗೆ ಕಳಿಸಲೇಬೇಕು. ಮೂತ್ರಪಿಂಡ, ಯಕೃತ್ತಿಗೆ ಆದ ಪೆಟ್ಟು ಆಮೇಲೆ ಕಾಣಿಸಿಕೊಳ್ಳುತ್ತದೆ.

ಪ್ರಶ್ನೆ: ಮೀರಾಮಾರ್ ಮರಳಿನಲ್ಲಿ ಬರಿಗಾಲಲ್ಲಿ ಓಡಿದ ಮೇಲೆ ಮೀನಖಂಡ ಹಿಡಿದುಕೊಂಡಿದೆ. – ಪಣಜಿ

ಉತ್ತರ: ಮರಳಲ್ಲಿ ಹಿಮ್ಮಡಿ ತಗ್ಗಿಗಿಳಿದು ಮೀನಖಂಡವೂ ಹಿಮ್ಮಡಿಯ ಸ್ನಾಯುರಜ್ಜುವೂ (ಟೆಂಡನ್) ಅಗತ್ಯಕ್ಕಿಂತ ಹೆಚ್ಚು ಎಳೆಯಲ್ಪಡುತ್ತವೆ. ನೋವು ಪೂರ್ತಿ ಹೋಗುವವರೆಗೆ ಶೂ ಹಾಕಿ ಗಟ್ಟಿ ನೆಲದಲ್ಲಿ ನಡೆಯಿರಿ. ಮತ್ತೆ ಶುರುಮಾಡುವಾಗ ವಾರಕ್ಕೆರಡು ದಿನ, ಹತ್ತೇ ನಿಮಿಷ. ಇಳಿತದ ಹೊತ್ತಿನಲ್ಲಿ ಒದ್ದೆ ಮರಳು ಗಟ್ಟಿಯಾಗಿರುತ್ತದೆ, ಆಗ ಓಡಿ. ಭರತ ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುವುದರಿಂದ ಇವತ್ತಿನ ಸಮಯ ಮುಂದಿನ ವಾರಕ್ಕೆ ಆಗದು. ದಂಡೆ ಸಮುದ್ರದ ಕಡೆ ವಾಲಿರುತ್ತದೆ. ಹೋದ ಸಾಲಿನಲ್ಲೇ ತಿರುಗಿ ಬನ್ನಿ, ಇಲ್ಲದಿದ್ದರೆ ಒಂದೇ ಕಾಲಿಗೆ ಭಾರ ಬೀಳುತ್ತದೆ.

ಪ್ರಶ್ನೆ: ತೊಡೆ ಸಂದಿ ಉಜ್ಜಿ ಉರಿಯುತ್ತದೆ, ಬೆನ್ನಿಗೆ ಬೆವರುಸಾಲೆ. – ಠಾಣೆ

ಉತ್ತರ: ಓಟಕ್ಕೆ ಮೊದಲು ವ್ಯಾಸಲಿನ್ ಹಚ್ಚಿ. ಕೊಬ್ಬರಿ ಎಣ್ಣೆ ಬೆವರಿಗೆ ಬೇಗ ತೊಳೆದುಹೋಗುತ್ತದೆ. ಗಂಡಸರು ಎದೆತೊಟ್ಟಿಗೆ ಔಷಧಿ ಅಂಗಡಿಯ ಮೈಕ್ರೋಪೋರ್ ಟೇಪ್ ಅಂಟಿಸಿಕೊಳ್ಳಲಿ. ಹತ್ತಿಯ ಬನಿಯನ್, ಹತ್ತಿಯ ಕಾಲುಚೀಲ ಎರಡೂ ಬೇಡ. ಬೆವರುಸಾಲೆಗೆ ಪೌಡರ್ ಮೆತ್ತಿದರೆ ರಂಧ್ರ ಇನ್ನೂ ಮುಚ್ಚುತ್ತದೆ. ಮನೆಗೆ ಬಂದೊಡನೆ ಒದ್ದೆ ಬಟ್ಟೆ ತೆಗೆದು ತಣ್ಣೀರಲ್ಲಿ ಮಿಂದು ಫ್ಯಾನಿನಡಿ ಕೂರುವುದೇ ಮದ್ದು.

ಪ್ರಶ್ನೆ: ವಯಸ್ಸು 58, ಬಿಪಿ ಮಾತ್ರೆ ತೆಗೆದುಕೊಳ್ಳುತ್ತೇನೆ. ಮೇ ತಿಂಗಳ 10 ಕಿಲೋಮೀಟರ್ ಓಡಬಹುದೇ? ಮೊಣಕಾಲು ನೋವಿಗೆ ಬ್ರುಫೆನ್ ನುಂಗಿ ಹೊರಡುತ್ತೇನೆ. – ಮುಲುಂಡ್

ಉತ್ತರ: ಓಡಬಹುದೇ ಎಂದು ಹೇಳಬೇಕಾದವರು ನಿಮ್ಮ ಡಾಕ್ಟರು. ಮಾತ್ರೆಯ ಚೀಟಿ ಹಿಡಿದುಕೊಂಡು ಹೋಗಿ ಎರಡು ಪ್ರಶ್ನೆ ಕೇಳಿ: ಇದರಲ್ಲಿ ಮೂತ್ರ ಹೆಚ್ಚಿಸುವ ಔಷಧಿ ಇದೆಯೇ, ಬೀಟಾ ಬ್ಲಾಕರ್ ಇದೆಯೇ? ಮೊದಲನೆಯದಿದ್ದರೆ ಮೈಯ ನೀರು, ಉಪ್ಪು ಬೇಗ ಇಳಿಯುತ್ತದೆ. ಎರಡನೆಯದಿದ್ದರೆ ನಾಡಿಬಡಿತ ಅಷ್ಟಾಗಿ ಏರುವುದಿಲ್ಲ, ವಾಚಿನ ಅಂಕಿ ನೋಡಿ ಓಡಿದರೆ ಶಕ್ತಿ ಮೀರಿ ಓಡುತ್ತೀರಿ. ಡಾಕ್ಟರನ್ನು ಕೇಳದೆ ರೇಸಿನ ದಿನ ಮಾತ್ರೆ ತಪ್ಪಿಸಬೇಡಿ. ಬ್ರುಫೆನ್ ಮಾತ್ರ ಓಟದ ಮುಂಚೆ ಖಂಡಿತ ಬೇಡ. ಬೆವರಿ ನೀರು ಇಳಿದಾಗ ಮೂತ್ರಪಿಂಡಕ್ಕೆ ಹೋಗುವ ರಕ್ತ ಮೊದಲೇ ಕಡಿಮೆ, ಈ ಮಾತ್ರೆ ಅದನ್ನು ಇನ್ನಷ್ಟು ತಗ್ಗಿಸುತ್ತದೆ. ಮಾತ್ರೆಯಿಲ್ಲದೆ ಓಡಲಾಗದಷ್ಟು ನೋವಿದ್ದರೆ ಈ ರೇಸು ಬಿಟ್ಟು ಮೊದಲು ಮೊಣಕಾಲು ತೋರಿಸಿ.

ಪ್ರಶ್ನೆ: ಐದೂವರೆಯ ರೇಸಿಗೆ ಬೆಳಿಗ್ಗೆ ಏನು ತಿನ್ನಬೇಕು? – ಬೊರಿವಲಿ

ಉತ್ತರ: ಮೂರೂವರೆಗೆ ಎದ್ದು ಒಂದು ಬಾಳೆಹಣ್ಣು, ಎರಡು ಹೋಳು ಬ್ರೆಡ್ಡಿಗೆ ಜಾಮ್, ಅಭ್ಯಾಸವಿದ್ದರೆ ಅರ್ಧ ಲೋಟ ಕಾಫಿ. ಉಪ್ಪಿಟ್ಟು ಅಷ್ಟು ಹೊತ್ತಿಗೆ ಪೂರ್ತಿ ಜೀರ್ಣವಾಗದಿರಬಹುದು. ನಿಜವಾದ ಊಟ ಹಿಂದಿನ ರಾತ್ರಿ ಎಂಟರೊಳಗೆ ಅನ್ನ, ತಿಳಿಸಾರು. ಭಾನುವಾರ ತಿರುಗಿ ಬರುವಾಗ ಲೋಕಲ್ ರೈಲಿನ ಮೆಗಾಬ್ಲಾಕ್ (ಹಳಿ ದುರಸ್ತಿಗಾಗಿ ರೈಲು ನಿಲ್ಲಿಸುವುದು) ಯಾವ ಮಾರ್ಗದಲ್ಲಿದೆ ಎಂದು ಶನಿವಾರವೇ ನೋಡಿಡಿ. ಬ್ಯಾಗಿನಲ್ಲಿ ಒಣ ಬನಿಯನ್, ಚಪ್ಪಲಿ, ಉಪ್ಪು ಹಾಕಿದ ಹುರಿಗಡಲೆ ಇರಲಿ.